ಅಪ್ಪನ ರೂಮಿಗೆ ಹೋಗೋ ಮುಂಚೆ

1/9

ಈ ಸರಣಿ ಓದೋರಿಗೆ ಗೊತ್ತು, ಇಲ್ಲಿ ಸಾಮಾನ್ಯವಾಗಿ ಕಬ್ಬಿನ ಗಾಡಿ, ಕಾಲುವೆ, ಪಾಂಡವಪುರ ಬಸ್‌ಸ್ಟ್ಯಾಂಡ್ ಫೋಟೋ ಹಾಕಿ ನಾಲ್ಕು ಮಾತು ಬರೀತೀನಿ. ಈ ಸಲ ಒಂಬತ್ತು ಫೋಟೋ, ಹೆಚ್ಚಿನವು ಮನೆಯೊಳಗಿನವು. ಮನೇಲಿ ವಯಸ್ಸಾದವರನ್ನ ನೋಡ್ಕೊಳ್ತಿರೋ ನನ್ನ ವಯಸ್ಸಿನೋರು ನಿಮ್ಮಲ್ಲಿ ಯಾರಾದ್ರೂ ಇದ್ರೆ, ಇದು ನಿಮಗೇ.

ನಮ್ಮೂರು ಪಾಂಡವಪುರ ತಾಲ್ಲೂಕು, ಮೇಲುಕೋಟೆ ಕಡೆ. ಅಪ್ಪನಿಗೆ 71, ಅವ್ವನಿಗೆ 60, ನನಗೆ 20. ಲೆಕ್ಕ ಸರಿಯಾಗೇ ಇದೆ, ನಾನು ಕೊನೇ ಮಗು. ಅಣ್ಣನಿಗೂ ನನಗೂ 18 ವರ್ಷ ಅಂತರ. ಅಣ್ಣ ಮುಂಬೈನಲ್ಲಿ ಟ್ಯಾಕ್ಸಿ ಓಡಿಸ್ತಾನೆ. ಅಕ್ಕನ್ನ ಕೆ.ಆರ್.ಪೇಟೆಗೆ ಕೊಟ್ಟಿದ್ದಾರೆ. ಅವ್ವನ ತವರು ನಾಗಮಂಗಲ ತಾಲ್ಲೂಕು. ನಾನು ಶ್ರೀರಂಗಪಟ್ಟಣದಲ್ಲಿ ಬಿಕಾಂ ಓದ್ತೀನಿ, ದಿನಾ ಹೋಗಿ ಬರ್ತೀನಿ.

2023ರ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೀತು. ಬಲಗೈ, ಬಲಗಾಲು ಬಿದ್ದೋಯ್ತು. ಮಾತು ಉಳೀತು, ಆದ್ರೆ ಸ್ವಲ್ಪ ತೊದಲು. ಸಕ್ಕರೆ ಕಾಯಿಲೆ ಮೊದಲಿಂದಾನೂ ಇತ್ತು. ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬರೋ ದಿನ ಡಾಕ್ಟರ್ ಒಂದು ಮಾತು ಹೇಳಿದ್ರು. ಇಂಥವರಲ್ಲಿ ಎಷ್ಟೋ ಜನಕ್ಕೆ ಲಕ್ವಕ್ಕಿಂತ ಆಮೇಲೆ ಬರೋ ಸೋಂಕು ದೊಡ್ಡ ತೊಂದ್ರೆ ಕೊಡುತ್ತೆ, ಎದೆಗೆ ಕಫ ಕಟ್ಟೋದು, ನ್ಯುಮೋನಿಯಾ, ಅದನ್ನ ನೋಡ್ಕೊಳ್ಳಿ ಅಂತ. ಬೆಡ್‌ಶೀಟು, ಡೈಪರು, ವೀಲ್‌ಚೇರು ಅಂತ ಪಟ್ಟಿ ಹಿಡ್ಕೊಂಡು ನಿಂತಿದ್ದ ನಮಗೆ ಈ ಮಾತು ಅರ್ಥ ಆಗೋಕೆ ಟೈಮ್ ಹಿಡೀತು.

2/9

ಈ ಫೋಟೋ ಬೆಳಿಗ್ಗೆ ಎಂಟೂವರೆ ಬಸ್ಸಿಂದು. ಒಳಗೆ ನಿಂತು ತೆಗೆದದ್ದು, ಕೈ ಎತ್ತೋಕೂ ಜಾಗ ಇರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನನ್ನಂಥ ಹುಡುಗೀರು ಓದೋಕೆ ಹೋಗೋದು ಸುಲಭ ಆಗಿದೆ, ಅದಕ್ಕೆ ನನ್ನ ಪೂರ್ತಿ ವೋಟು. ಆದ್ರೆ ಬಸ್ಸಲ್ಲಿ ಒಬ್ಬರು ಕೆಮ್ಮಿದ್ರೆ ಹತ್ತು ಜನ ಉಸಿರಾಡೋದು ಅದೇ ಗಾಳಿ.

ಈಗ ಯೋಚಿಸಿ. ಅಪ್ಪ ಮನೆ ಬಿಟ್ಟು ಎಲ್ಲೂ ಹೋಗಲ್ಲ. ಸಂತೆಗಿಲ್ಲ, ಮದುವೆಗಿಲ್ಲ, ಟೀ ಅಂಗಡಿಗಿಲ್ಲ. ಹಂಗಿದ್ರೂ ಅವರಿಗೆ ನೆಗಡಿ ಜ್ವರ ಬಂತು ಅಂದ್ರೆ ಎಲ್ಲಿಂದ ಬಂತು? ಅಕೌಂಟ್ಸ್ ಓದೋಳಿಗೆ ಇದು ಬೇಗ ಹೊಳೀಬೇಕು. ಗೋಡೌನಿಗೆ ಒಂದೇ ಬಾಗಿಲಿದ್ರೆ ಒಳಗಿರೋ ಮಾಲೆಲ್ಲ ಆ ಬಾಗಿಲಿಂದಾನೇ ಬಂದಿರಬೇಕು. ನಮ್ಮನೇಲಿ ಆ ಬಾಗಿಲು ನಾನು. ಅಣ್ಣ ಬಂದಾಗ ಅಣ್ಣ, ಅಕ್ಕ ಬಂದಾಗ ಅಕ್ಕನ ಮಗು.

ಹಂಗಾಗಿ ಮಾಸ್ಕ್ ಅಪ್ಪನಿಗಲ್ಲ, ನನಗೆ. ಇದನ್ನ ಒಪ್ಪಿಸೋಕೆ ಒಂದು ವಾರ ಬೇಕಾಯ್ತು. ನನಗೆ ಗಂಟಲು ಕೆರೀತಿದ್ದ ದಿನ ಮಾಸ್ಕ್ ಹಾಕ್ಕೊಂಡು ಊಟ ಕೊಡೋಕೆ ಹೋದೆ. ಅಪ್ಪ ಮುಖ ಆ ಕಡೆ ತಿರುಗಿಸಿದ್ರು. "ನನ್ ವಾಸ್ನೆ ಬತ್ತದಾ ನಿಂಗೆ?" ಅಂದ್ರು.

ಈ ಮಾತಿಗೆ ಏನು ಉತ್ತರ ಕೊಡ್ತೀರಾ? ಹಾಸಿಗೆ ಹಿಡಿದಿರೋ ಮನುಷ್ಯ, ತನ್ನ ಮಲಮೂತ್ರ ಬೇರೆಯವರು ತೆಗೀತಾರಲ್ಲ ಅಂತ ಒಳಗೊಳಗೇ ಕುಗ್ಗಿರೋ ಮನುಷ್ಯ, ಮಗಳು ಮೂಗು ಮುಚ್ಕೊಂಡು ಬಂದ್ರೆ ಹಂಗಲ್ದೆ ಇನ್ನೇನು ಅಂದ್ಕೋತಾರೆ? "ಅಪ್ಪಾ, ನನಗೆ ಗಂಟಲು ನೋವು, ನಿನಗೆ ಹತ್ತಬಾರ್ದು ಅಂತ. ಮೂರು ದಿನ ಅಷ್ಟೆ" ಅಂದೆ. ಮೂರು ದಿನ ಅಂದಿದ್ದೇ ಮುಖ ಈ ಕಡೆ ಬಂತು. ಆಗ ಅದನ್ನ ನಾನೂ ಅಷ್ಟು ಗಮನಿಸಲಿಲ್ಲ. ದಿನದ ಲೆಕ್ಕ ಹೇಳೋದು ಎಷ್ಟು ಮುಖ್ಯ ಅನ್ನೋದು ಈ ವರ್ಷ ಅಣ್ಣನ ವಿಷ್ಯದಲ್ಲಿ ಗೊತ್ತಾಯ್ತು. ಅದಕ್ಕೆ ಬರ್ತೀನಿ.

3/9

ಇದು 2020ರ ಫೋಟೋ, ಅಕ್ಕನ ಹಳೇ ಫೋನಿಂದು, ಕ್ಲಿಯರ್ ಇಲ್ಲ. ದೂರದಲ್ಲಿ ಕಾಣೋ ಬಿಳೀ ಚುಕ್ಕಿ ನಮ್ಮ ಪಂಪ್‌ಸೆಟ್ ಮನೆ.

ನೀವು ಮಂಡ್ಯದ ಕಡೆಯೋರಾದ್ರೆ ಆ ಮೇ ತಿಂಗಳು ಮರೆತಿರಲ್ಲ. ಕೆ.ಆರ್.ಪೇಟೆ, ನಾಗಮಂಗಲದ ಎಷ್ಟೋ ಮನೆಗಳಿಂದ ಜನ ಮುಂಬೈಗೆ ಹೋಗಿದ್ದಾರೆ. ಟ್ಯಾಕ್ಸಿ, ಆಟೋ, ಹೋಟೆಲ್ ಕೆಲಸ. ಲಾಕ್‌ಡೌನ್‌ನಲ್ಲಿ ದುಡಿಮೆ ನಿಂತು ಎಲ್ಲಾ ಊರಿಗೆ ಬಂದ್ರು. ಮೇ 19ರ ಒಂದೇ ದಿನ ರಾಜ್ಯದಲ್ಲಿ 149 ಹೊಸ ಕೊರೊನಾ ಪ್ರಕರಣ, ಅದರಲ್ಲಿ 71 ಮಂಡ್ಯ ಜಿಲ್ಲೆಯವು. ಟಿವಿಯಲ್ಲಿ ಕೆ.ಆರ್.ಪೇಟೆ ಹೆಸರು ದಿನಾ ಬರ್ತಿತ್ತು. ಹಾಸ್ಟೆಲ್ಲು, ಸ್ಕೂಲುಗಳೆಲ್ಲ ಕ್ವಾರಂಟೈನ್ ಕೇಂದ್ರ ಆದ್ವು.

ಅಣ್ಣನೂ ಬಂದ. 14 ದಿನ ಒಂದು ಹಾಸ್ಟೆಲ್‌ನಲ್ಲಿದ್ದ, ಟೆಸ್ಟ್ ನೆಗೆಟಿವ್ ಬಂತು. ಆಮೇಲೂ ಊರೋರು ಒಪ್ಪಲಿಲ್ಲ, ಪಂಪ್‌ಸೆಟ್ ಮನೇಲಿ ಇರ್ಲಿ ಅಂದ್ರು. ಎಷ್ಟು ದಿನ ಅಂತ ಯಾರೂ ಹೇಳಲಿಲ್ಲ. ಅಪ್ಪ ಆಗ ಗಟ್ಟಿ ಇದ್ರು, ದಿನಾ ಬದುವಿನವರೆಗೂ ಬುತ್ತಿ ತಗೊಂಡು ಹೋಗಿ ಇಟ್ಟು ಬರೋರು. ಹತ್ತು ದಿನ ಆಯ್ತು, ಹದಿನೈದು ಆಯ್ತು. ಒಂದಿನ ಅಣ್ಣ ಅಲ್ಲಿಂದಾನೇ ಕೂಗಿದ, "ಅಪ್ಪೋ, ನಾನು ಮನೆಗೆ ಬರೋದಾ, ಬೊಂಬಾಯಿಗೇ ಹೋಗೋದಾ, ಒಂದು ಹೇಳು" ಅಂತ. ಕಾಯಿಲೆ ಭಯಕ್ಕೆ ಕಣ್ಣೀರು ಹಾಕದೆ ಇದ್ದ ಅವ್ವ ಆ ದಿನ ಅತ್ತಳು.

ಬೊಂಬಾಯಿ ಮೇಲೆ ತಪ್ಪು ಹೊರಿಸ್ತಿಲ್ಲ. ನಮ್ಮನೆ ತಾರಸಿ ಆಗಿದ್ದೇ ಬೊಂಬಾಯಿ ದುಡ್ಡಲ್ಲಿ. ಹೋಗಿ ಬರೋರು ಇರೋ ಕಡೆ ಕಾಯಿಲೆನೂ ಜೊತೇಲಿ ಬರುತ್ತೆ, ಇದು ಹೊಸದೇನಲ್ಲ. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು, 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂತು. ಆ ಕಾಲದಲ್ಲಿ ಇಲಿ ಬಿದ್ರೆ ಇಡೀ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕ್ಕೊಳ್ತಿದ್ರು. ಅಪ್ಪ ಅವರಜ್ಜಿಯಿಂದ ಕೇಳಿದ್ದು ಹೇಳ್ತಾರೆ: ಎಲ್ಲಾ ಒಟ್ಟಿಗೆ ಹೋಗೋರು, ಒಟ್ಟಿಗೆ ವಾಪಸ್ ಬರೋರು. 2020ರಲ್ಲಿ ಹೊಲಕ್ಕೆ ಹೋಗಿದ್ದು ಅಣ್ಣ ಒಬ್ಬನೇ. ಅಪ್ಪನಿಗೆ ಈಗ್ಲೂ ನೋಯಿಸೋದು ಅದು.

4/9

ಸೊಳ್ಳೆಪರದೆ ಫೋಟೋ. ಮಧ್ಯಾಹ್ನ ಎರಡು ಗಂಟೆ, ಅಪ್ಪ ಪರದೆ ಒಳಗೆ ಮಲಗಿದ್ದಾರೆ. "ಹಗಲಲ್ಲಿ ಯಾಕೆ ಪರದೆ?" ಅಂತ ಬಂದೋರೆಲ್ಲ ಕೇಳ್ತಾರೆ. ಡೆಂಗ್ಯೂ ತರೋ ಸೊಳ್ಳೆ ಕಚ್ಚೋದು ಹಗಲಲ್ಲಿ. ಮೊಟ್ಟೆ ಇಡೋದು ಚರಂಡೀಲಿ ಅಲ್ಲ, ನಮ್ಮ ಡ್ರಮ್ಮಲ್ಲಿ, ಕೂಲರಲ್ಲಿ, ಹಿತ್ತಲಲ್ಲಿ ಬಿದ್ದಿರೋ ತೆಂಗಿನ ಚಿಪ್ಪಲ್ಲಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತಾನೇ ಘೋಷಿಸ್ತು. ಎಡಗೈ ಒಂದರಲ್ಲೇ ಸೊಳ್ಳೆ ಓಡಿಸ್ಕೊಳ್ಳೋ ಮನುಷ್ಯನಿಗೆ ಪರದೆ ಹಗಲೂ ಬೇಕು. ನಲ್ಲಿ ದಿನ ಬಿಟ್ಟು ದಿನ ಬರೋ ಊರಲ್ಲಿ ಡ್ರಮ್ ಬೇಡ ಅನ್ನೋಕಾಗಲ್ಲ, ಮುಚ್ಚಳ ಹಾಕಿ ವಾರಕ್ಕೊಂದು ಸಲ ಉಜ್ಜಿ ಕಮುಚಿ ಹಾಕ್ತೀವಿ.

ಅಂದಹಾಗೆ ನಮ್ಮ ಕಾಲೇಜಿರೋ ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರ ದಂಡು ಬೀಡುಬಿಟ್ಟಿತ್ತು. ಅಲ್ಲಿನ ಜ್ವರ ತಡೆಯೋಕಾಗದೆ 1809ರಲ್ಲಿ ದಂಡು ಬೆಂಗಳೂರಿಗೆ ಎತ್ತಂಗಡಿ ಆಯ್ತು. ಬೆಂಗಳೂರು ಕಂಟೋನ್ಮೆಂಟ್ ಹುಟ್ಟಿದ್ದು ಹಂಗೆ. ಕೋಟೆ ಗೆದ್ದೋರನ್ನ ಸೊಳ್ಳೆ ಓಡಿಸ್ತು ಅಂದ್ರೆ ಅಪ್ಪ ನಗ್ತಾರೆ.

5/9

ಈಗ ಅಣ್ಣನ ವಿಷ್ಯ. ಅವನನ್ನ ಕೇಳಿ, ಅವನು ಓದಿ ಒಪ್ಪಿದ ಮೇಲೇನೇ ಇದನ್ನ ಹಾಕ್ತಿರೋದು. "ಬರಿ, ಹೆಸರು ಮಾತ್ರ ಬೇಡ" ಅಂದ.

ಈ ವರ್ಷ ವೈರಮುಡಿಗೆ ಬಂದಿದ್ದ. ಬಂದವನೇ ಅಪ್ಪನ ಮಂಚದ ತುದೀಲಿ ಕೂತ, ಕೈ ಹಿಡ್ಕೊಂಡ. ಸಣ್ಣಗಾಗಿದ್ದ. ರಾತ್ರಿ ಕೆಮ್ಮು ಕೇಳಿಸ್ತು. ಬೆಳಿಗ್ಗೆ ಕೇಳಿದೆ, ಎಷ್ಟು ದಿನದಿಂದ ಅಂತ. "ಹೋಳಿ ಮುಂಚಿಂದ ಇದೆ, ಬೊಂಬಾಯಿ ಧೂಳು" ಅಂದ. ಲೆಕ್ಕ ಹಾಕಿದ್ರೆ ಮೂರು ವಾರದ ಮೇಲಾಗಿತ್ತು. ಸಂಜೆ ಆದ್ರೆ ಮೈ ಬೆಚ್ಚಗಾಗುತ್ತಂತೆ. ಎಂಟು ಜನ ಒಂದೇ ಖೋಲಿಯಲ್ಲಿ ಪಾಳಿ ಮೇಲೆ ಮಲಗೋ ಜಾಗ ಅವನದು.

ಎರಡು ವಾರ ದಾಟಿದ ಕೆಮ್ಮು ಅಂದ್ರೆ ಕಫ ಪರೀಕ್ಷೆ ಮಾಡಿಸ್ಬೇಕು. ಇದು ಪ್ರತಿ ಸರ್ಕಾರಿ ಆಸ್ಪತ್ರೆ ಗೋಡೆ ಮೇಲೂ ಬರೆದಿರುತ್ತೆ. ನಾವೆಲ್ಲ ಆ ಗೋಡೆಗೆ ಒರಗಿ ನಿಂತು ಟೋಕನ್ ತಗೊಂಡಿರೋರೇ. ನಮ್ಮ ಮನೆಯೊಳಗೆ ಅದನ್ನ ಬಾಯ್ಬಿಟ್ಟು ಹೇಳೋದು ಬೇರೆ. ನಾನು ಅಂದೆ, "ಅಣ್ಣ, ಟೆಸ್ಟ್ ಬರೋವರ್ಗೂ ಅಪ್ಪನ ರೂಮಲ್ಲಿ ಕೂರೋದು ಬೇಡ."

ಹಬ್ಬಕ್ಕೆ ಬಂದಿದ್ದ ಅತ್ತೆಗೆ ಸಿಟ್ಟು ನೆತ್ತಿಗೇರ್ತು. "ದುಡಿದು ಹಾಕೋ ಮಗನ್ನ ಮನೆಯಿಂದಾಚೆ ನಿಲ್ಲಿಸ್ತೀಯಾ? ನೀನೇನ್ ಡಾಕ್ಟ್ರಾ?" ಅವ್ವ ಏನೂ ಅನ್ನಲಿಲ್ಲ. ಅಣ್ಣನ ಮುಖ ನೋಡೋಕೆ ನನಗೆ ಧೈರ್ಯ ಬರಲಿಲ್ಲ. ಪಂಪ್‌ಸೆಟ್ ಮನೆ ಅವನಿಗೂ ನೆನಪಾಗಿರುತ್ತೆ ಅಂತ ಗೊತ್ತಿತ್ತು. ಆದ್ರೂ ಹೇಳಿದ ಮಾತು ವಾಪಸ್ ತಗೊಳ್ಳಲಿಲ್ಲ. ಸಕ್ಕರೆ ಕಾಯಿಲೆ ಇರೋರಿಗೆ ಟಿಬಿ ಬರೋ ಅಪಾಯ ಬೇರೆಯೋರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಅಪ್ಪನಿಗೆ ಸಕ್ಕರೆ ಇದೆ, ವಯಸ್ಸಾಗಿದೆ, ಗಟ್ಟಿಯಾಗಿ ಕೆಮ್ಮಿ ಕಫ ಹೊರಗೆ ಹಾಕೋಕೂ ಶಕ್ತಿ ಇಲ್ಲ.

6/9

ಫೋಟೋದಲ್ಲಿರೋ ಸಣ್ಣ ಡಬ್ಬಿ ಕಫ ಕೊಡೋದಕ್ಕೆ ತಾಲ್ಲೂಕು ಆಸ್ಪತ್ರೇಲಿ ಕೊಡ್ತಾರೆ. ದುಡ್ಡಿಲ್ಲ. ಮೆಷಿನ್‌ನಲ್ಲಿ ಹಾಕಿ ಟಿಬಿ ಇದೆಯಾ, ಇದ್ರೆ ಮುಖ್ಯ ಔಷಧಿಗೆ ಬಗ್ಗುತ್ತಾ ಅಂತ ಎರಡೂ ಒಟ್ಟಿಗೆ ಹೇಳ್ತಾರೆ. ಮಾರನೇ ದಿನ ಫೋನ್ ಬಂತು. ಇದೆ. ಔಷಧಿಗೆ ಬಗ್ಗೋ ಜಾತೀದು.

ಅತ್ತೆಯ ಮೊದಲ ಮಾತು, "ಕ್ಷಯ ಅಂತ ಹೊರಗೆ ಹೇಳ್ಬೇಡಿ, ಈ ಹುಡುಗೀಗೆ ನಾಳೆ ಗಂಡು ಸಿಗಲ್ಲ." ಗಂಡು ಬೇಕು ಅಂತ ನಾನು ಯಾವಾಗ ಅರ್ಜಿ ಹಾಕಿದ್ದೆ, ಗೊತ್ತಿಲ್ಲ.

ಅಣ್ಣ ಬ್ಯಾಗ್ ಜೋಡಿಸೋಕೆ ಶುರು ಮಾಡಿದ. "ನಾನು ಬೊಂಬಾಯಿಗೆ ಹೋಗ್ತೀನಿ, ಅಪ್ಪಂಗೆ ಹತ್ತೋದು ಬೇಡ" ಅಂದ. ಪಂಪ್‌ಸೆಟ್ ಮನೆಗೆ ಹೋಗ್ತೀನಿ ಅಂತ ಕೂಡ ಅನ್ನಲಿಲ್ಲ, ನೇರ ಬೊಂಬಾಯಿ. ಆ ಖೋಲಿಗೆ ವಾಪಸ್ ಹೋದ್ರೆ ಮಾತ್ರೆ ಅರ್ಧಕ್ಕೆ ನಿಲ್ಲುತ್ತೆ ಅಂತ ಅವನಿಗೂ ಗೊತ್ತು.

ಆಗ ಮಾತಾಡಿದ್ದು ಅಪ್ಪ. ರೂಮಿಂದ ತೊದಲ್ತಾ, ಆದ್ರೆ ಗಟ್ಟಿಯಾಗಿ: "ಎಷ್ಟ್ ದಿನ ಅಂತ ಡಾಕ್ಟ್ರುನ್ನ ಕೇಳ್ರಿ. ಕೇಳ್ಕೊಂಡ್ ಬಂದು ಕ್ಯಾಲೆಂಡರ್ ಮೇಲ್ ಬರೀರಿ. ಅಷ್ಟ್ ದಿನ ಜಗುಲೀಲಿ ಇರ್ಲಿ. ಹೊಲಕ್ಕೆ ಬೇಡ."

7/9

ಕ್ಯಾಲೆಂಡರ್ ಫೋಟೋ. ಕೆಂಪು ಪೆನ್ನಿನ ಅಡ್ಡಗೆರೆ ಅಪ್ಪ ಎಡಗೈಯಲ್ಲಿ ಹಾಕಿದ್ದು, ಅದಕ್ಕೇ ಸೊಟ್ಟ.

ಡಾಕ್ಟರ್ ಹೇಳಿದ್ದು: ಮಾತ್ರೆ ಸರಿಯಾಗಿ ನುಂಗೋಕೆ ಶುರು ಮಾಡಿದ್ರೆ ಹರಡೋದು ಬೇಗ ಕಮ್ಮಿ ಆಗುತ್ತೆ, ಆದ್ರೂ ನಿಮ್ಮನೇಲಿ ಇಂಥ ಪೇಷೆಂಟ್ ಇರೋದ್ರಿಂದ ಎರಡು ವಾರ ಗಟ್ಟಿಯಾಗಿ ದೂರ ಇರ್ಲಿ, ಅಲ್ಲೀವರೆಗೂ ಮಾಸ್ಕ್, ಕಿಟಕಿ ಬಾಗಿಲು ತೆಗೆದಿಡಿ, ಎರಡು ತಿಂಗಳಿಗೆ ಮತ್ತೆ ಕಫ ನೋಡೋಣ. ಒಟ್ಟು ಆರು ತಿಂಗಳ ಮಾತ್ರೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿರೋದು, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿದು. ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತೆ, ಹೆದರ್ಬೇಡಿ ಅಂತ ಮೊದಲೇ ಹೇಳಿದ್ರು. ಹೇಳದಿದ್ರೆ ಅಣ್ಣ ಮೂರನೇ ದಿನಕ್ಕೇ ಮಾತ್ರೆ ಬಿಡ್ತಿದ್ದ.

ಅವ್ವ ಅಣ್ಣನಿಗೆ ಅಂತ ಬೇರೆ ತಟ್ಟೆ, ಬೇರೆ ಲೋಟ ತೆಗೆದಿಟ್ಲು. ಆಶಾ ಅಕ್ಕ ಬಂದವರು ನೋಡಿ, "ಟಿಬಿ ತಟ್ಟೆಯಿಂದ ಬರಲ್ಲ ಕಣವ್ವ, ಗಾಳಿಯಿಂದ ಬರ್ತದೆ. ತಟ್ಟೆ ಬೇರೆ ಮಾಡಿ ಕಿಟಕಿ ಮುಚ್ಚಿದ್ರೆ ಏನ್ ಬಂತು?" ಅಂದ್ರು. ಅದೊಂದು ಮಾತು ನಮ್ಮನೆ ವ್ಯವಸ್ಥೆನೇ ಬದಲಾಯಿಸ್ತು. ಅಪ್ಪನ ರೂಮಿನ ಕಿಟಕಿಗೆ ಚಳಿ ಅಂತ ಹೊಡೆದಿದ್ದ ಪ್ಲಾಸ್ಟಿಕ್ ಕಿತ್ತು ಸೊಳ್ಳೆ ಜಾಲರಿ ಹಾಕ್ಸಿದ್ವಿ. ಜಗುಲಿ ಎರಡು ಕಡೆ ತೆರೆದಿರೋ ಜಾಗ, ಅಲ್ಲಿ ಅಣ್ಣನ ಮಂಚ. ಊಟಕ್ಕೆ ಅದೇ ಸ್ಟೀಲ್ ತಟ್ಟೆ.

ಇಲ್ಲಿ ಸ್ವಲ್ಪ ಹಳೇ ಕಥೆ ಹೇಳ್ತೀನಿ, ನನಗೆ ಇದು ತುಂಬಾ ಧೈರ್ಯ ಕೊಟ್ಟಿದ್ದು. ಒಂದು ಕಾಲದಲ್ಲಿ ಟಿಬಿ ಅಂದ್ರೆ ಊರಾಚೆ ಸ್ಯಾನಿಟೋರಿಯಂಗೆ ಕಳಿಸೋದೇ ಚಿಕಿತ್ಸೆ. ಮೈಸೂರಿನಲ್ಲಿ ಪಿ.ಕೆ. ಸ್ಯಾನಿಟೋರಿಯಂ ಅಂತಾರಲ್ಲ, ಅದು ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಕೃಷ್ಣಾಜಮ್ಮಣ್ಣಿಯವರ ಹೆಸರಿಂದು. ಅವರೂ ಅವರ ಹೆಣ್ಣುಮಕ್ಕಳೂ ಕ್ಷಯದಲ್ಲೇ ಹೋದರು. ಅರಮನೆಯಲ್ಲಿ ಏನು ಕಮ್ಮಿ ಇತ್ತು ಹೇಳಿ, ಔಷಧಿ ಒಂದು ಬಿಟ್ಟು. ಔಷಧಿ ಬಂದ ಮೇಲೆ 1956ರಲ್ಲಿ ಮದರಾಸಿನಲ್ಲಿ ಒಂದು ಪರೀಕ್ಷೆ ಶುರು ಮಾಡಿದ್ರು. ಬಡ ಕುಟುಂಬದ ರೋಗಿಗಳಲ್ಲಿ ಅರ್ಧ ಜನಕ್ಕೆ ಸ್ಯಾನಿಟೋರಿಯಂ, ಒಳ್ಳೆ ಊಟ, ವಿಶ್ರಾಂತಿ. ಇನ್ನರ್ಧ ಜನ ತಮ್ಮ ಇಕ್ಕಟ್ಟಿನ ಮನೇಲೇ, ಅದೇ ಮಾತ್ರೆ. ವಾಸಿಯಾಗೋದ್ರಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಅದಕ್ಕಿಂತ ಆಶ್ಚರ್ಯ, ಮನೇಲೇ ಇದ್ದವರ ಮನೆಮಂದಿಗೆ ಕಾಯಿಲೆ ಹೆಚ್ಚಾಗೇನೂ ಹರಡಲಿಲ್ಲ. ಹತ್ತೋ ಅಪಾಯ ಹೆಚ್ಚು ಇರೋದು ಮಾತ್ರೆ ಶುರು ಆಗೋ ಮುಂಚೆ, ಅದು ಬರೀ "ಕೆಮ್ಮು" ಆಗಿದ್ದ ದಿನಗಳಲ್ಲಿ.

ಅಂದ್ರೆ ನಮ್ಮನೇಲಿ ಅಪ್ಪನಿಗೆ ಅಪಾಯ ಇದ್ದದ್ದು ಜಗುಲೀಲಿ ಮಾತ್ರೆ ನುಂಗ್ತಾ ಮಲಗಿದ್ದ ಅಣ್ಣನಿಂದ ಅಷ್ಟಿಲ್ಲ. ಹಬ್ಬದ ದಿನ ಮಂಚದ ತುದೀಲಿ ಕೂತು ಕೈ ಹಿಡ್ಕೊಂಡು ಕೆಮ್ಮಿದ ಅಣ್ಣನಿಂದ ಹೆಚ್ಚು. ಇಡೀ ಜಗತ್ತಿನ ಟಿಬಿ ರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರು ನಮ್ಮ ದೇಶದವರು. ನಿಮ್ಮನೇಲೂ "ಧೂಳಿನ ಕೆಮ್ಮು" ಯಾರಿಗಾದ್ರೂ ಇದ್ರೆ ಸುಮ್ನೆ ದಿನ ಎಣಿಸಿ ನೋಡಿ.

ಹದಿನೈದನೇ ದಿನ ಅಪ್ಪ ಬೆಳಿಗ್ಗೆ ಆರಕ್ಕೇ ಕರೆದ್ರು, "ಮಗಾ, ದಿನ ಆಯ್ತಲ್ಲ, ಕರಿ ಅವನ್ನ" ಅಂತ.

8/9

ಇದರಲ್ಲಿ ನಾಲ್ಕು ವಿಷ್ಯ ಒಟ್ಟಿಗೆ ಇದೆ, ಫೋಟೋ ಸುಮ್ನೆ ಅಡುಗೆಮನೆ ಕಟ್ಟೆದು.

ಅಣ್ಣನಿಗೆ ಟಿಬಿ ಅಂತ ಗೊತ್ತಾದ ವಾರವೇ ಮನೆಯೋರೆಲ್ಲ ಎಕ್ಸ್‌ರೇ ತೆಗೆಸ್ಬೇಕು ಅಂದ್ರು. ಅಪ್ಪನ್ನ ಆಟೋದಲ್ಲಿ ದಿಂಬು ಕೊಟ್ಟು ಒರಗಿಸಿ ಕರ್ಕೊಂಡು ಹೋದ್ವಿ. ಏನೂ ಇಲ್ಲ ಅಂತ ಬಂತು. ಆಮೇಲೆ ಬರದೇ ಇರೋ ಹಾಗೆ ತಡೆಯೋ ಮಾತ್ರೆ ಕೊಟ್ರು, ಮನೆಯೋರಿಗೂ ಇದು ಉಚಿತ. ಅಪ್ಪನ ಹಳೇ ಚೀಟಿಗಳನ್ನೆಲ್ಲ ನೋಡಿ, ಬೇರೆ ಮಾತ್ರೆಗಳ ಜೊತೆ ಹೊಂದುತ್ತಾ ಅಂತ ಯೋಚಿಸಿ, ಲಿವರ್ ರಕ್ತ ಪರೀಕ್ಷೆ ಮಾಡಿಸಿ ಆಮೇಲೇ ಬರೆದದ್ದು. ನೀವೂ ಚೀಟಿ ಫೈಲ್ ತಗೊಂಡೇ ಹೋಗಿ. ಅಣ್ಣನಿಗೆ ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಯೋಜನೆಯ ದುಡ್ಡು ತಿಂಗಳಿಗೆ 1000 ರೂಪಾಯಿ, ಮೊದಲು 500 ಇದ್ದದ್ದು 2024ರ ನವೆಂಬರ್‌ನಿಂದ ಜಾಸ್ತಿ ಆಗಿದೆ. ಮೊಟ್ಟೆ, ಹುರುಳಿಕಾಳಿಗೆ ಆಯ್ತು. ದುಡಿಮೆ ಇಲ್ಲದ ತಿಂಗಳುಗಳ ಲೆಕ್ಕ ಬೇರೆ, ಅದನ್ನ ಬರೆದ್ರೆ ಇನ್ನೊಂದು ಸರಣಿ ಆಗುತ್ತೆ.

ಎರಡನೇದು ಊಟ. ಲಕ್ವ ಆದವರಿಗೆ ಎಷ್ಟೋ ಸಲ ನುಂಗಿದ್ದು ಹೊಟ್ಟೆಗೆ ಹೋಗೋ ಬದಲು ಉಸಿರಿನ ದಾರಿಗೆ ಹೋಗುತ್ತೆ, ನ್ಯುಮೋನಿಯಾ ಅಲ್ಲಿಂದ ಶುರು. ಅಗಿಯದೆ ನುಂಗೋ ಮುದ್ದೆ ಅಪ್ಪನಿಗೆ ಬಂದ್ ಆಯ್ತು. ಮಂಡ್ಯದ ಮನುಷ್ಯನಿಗೆ ಮುದ್ದೆ ಬಂದ್ ಅಂದ್ರೆ ಏನು ಅಂತ ನಿಮಗೆ ಹೇಳ್ಬೇಕಾಗಿಲ್ಲ. ಒಂದು ವಾರ ಮಾತೇ ಆಡಲಿಲ್ಲ. ಈಗ ರಾಗಿ ಅಂಬಲಿ ಗಟ್ಟಿಯಾಗಿ ಕಾಯಿಸಿ, ಬೆನ್ನು ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ಕೊಡ್ತೀವಿ. ಊಟ ಆಗಿ ಅರ್ಧ ಗಂಟೆ ಮಲಗಿಸಲ್ಲ. ರಾತ್ರಿ ಹಲ್ಲು ಉಜ್ಜಿಸ್ತೀನಿ. ಬಾಯಿ ಗಲೀಜಿದ್ರೆ ಅದೇ ಗಲೀಜು ಎದೆಗೆ ಇಳಿಯುತ್ತೆ ಅಂತ ಫಿಸಿಯೋಥೆರಪಿ ಮೇಡಂ ಹೇಳಿಕೊಟ್ಟಿದ್ದು.

ಮೂರನೇದು ಜ್ವರ. ವಯಸ್ಸಾದವರಿಗೆ ಸೋಂಕು ಬಂದ್ರೂ ಮೈ ಸುಡದೇ ಇರಬಹುದು. ನಾವು ಥರ್ಮಾಮೀಟರ್ ನಂಬ್ಕೊಂಡು ಕೂರ್ತೀವಿ. ಇದ್ದಕ್ಕಿದ್ದಂತೆ ಊಟ ಬೇಡ ಅನ್ನೋದು, ಹಗಲೆಲ್ಲ ಮಂಪರು, ಮಾತು ತಡವರಿಸೋದು, ಉಸಿರು ಜೋರಾಗೋದು ಕಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಫ್ಲೂ ಇಂಜೆಕ್ಷನ್ ಪ್ರತಿ ವರ್ಷ ಬೇಕು, ವೈರಸ್ ಬದಲಾಗ್ತಾ ಇರೋದ್ರಿಂದ. ನ್ಯುಮೋನಿಯಾದ್ದು ಬೇರೆ ಇದೆ. ಇವನ್ನ ನಾವು ನಮ್ಮ ಕೈಯಿಂದಾನೇ ದುಡ್ಡು ಕೊಟ್ಟು ಹಾಕ್ಸಿದ್ದು. ಮಕ್ಕಳಿಗೆ ಮನೆ ಬಾಗಿಲಿಗೆ ಬಂದು ಲಸಿಕೆ ಹಾಕೋ ದೇಶದಲ್ಲಿ ಮುದುಕರು ಕೈಯಿಂದ ಕೊಡ್ಬೇಕಾಗೋದು ನನಗೆ ಸರಿ ಕಾಣಲ್ಲ.

ನಾಲ್ಕನೇದು ಮೊಮ್ಮಗಳು. ಅಕ್ಕನ ಮಗಳಿಗೆ ನಾಲ್ಕು ವರ್ಷ, ಕೆ.ಆರ್.ಪೇಟೇಲಿ ಅಂಗನವಾಡಿಗೆ ಹೋಗ್ತಾಳೆ, ಅಂದ್ರೆ ವರ್ಷವಿಡೀ ಮೂಗು ಸೋರುತ್ತೆ. ಅವಳನ್ನ ಅಪ್ಪನ ಹತ್ರ ಬಿಡಬಾರದು ಅಂತ ಅಕ್ಕ. ಬಿಡದಿದ್ರೆ ಊಟ ಮಾಡಲ್ಲ ಅಂತ ಅಪ್ಪ. ಕಾನೂನು ಮಾಡಿದ್ದೂ ಅಪ್ಪನೇ: ನೆಗಡಿ ಇದ್ರೆ ಕಿಟಕಿ ಹೊರಗೆ ಕಲ್ಲಿನ ಮೇಲೆ ನಿಂತು ಮಾತಾಡ್ಬೇಕು, ಇಲ್ದಿದ್ರೆ ಕೈ ತೊಳ್ಕೊಂಡು ಒಳಗೆ. ಅವಳು ಈಗ ಬಂದ ತಕ್ಷಣ ತಾನೇ ಕೇಳ್ತಾಳೆ, "ತಾತ, ಇವತ್ತು ಕಿಟಕೀನಾ, ಮಂಚಾನಾ?"

9/9

ಕೊನೇ ಫೋಟೋ ಅವ್ವಂದು. ಮುಖ ಕಾಣಲ್ಲ, ಬೆನ್ನು ಮಾತ್ರ. ಫೋಟೋ ಬೇಡ ಅಂದ್ಲು, ಇದಕ್ಕೆ ಮಾತ್ರ ಒಪ್ಪಿದ್ದು.

ಎಲ್ಲರೂ ಅಪ್ಪನ ಬಗ್ಗೆ ಕೇಳ್ತಾರೆ. ಅಪ್ಪನಿಗೆ ಹತ್ತಿರ ಇರೋದು, ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸೋದು, ಕಫ ಒರೆಸೋದು ಅವ್ವ. ಅವಳಿಗೂ 60. ಎಕ್ಸ್‌ರೇಗೆ ಎಲ್ಲರೂ ಹೋದ ದಿನ ಅವಳು ಬರಲಿಲ್ಲ. "ಹಸು ಕರೆಯೋರು ಯಾರು" ಅಂದ್ಲು. ಮುಂದಿನ ವಾರ ಅಂದ್ಲು. ನಾನು ದಿನಾ ಕೇಳಿದೆ, ಅಪ್ಪನ ಕ್ಯಾಲೆಂಡರ್ ಪಕ್ಕದಲ್ಲೇ ಅವಳ ಹೆಸರು ಬರೆದೆ. ಕೊನೆಗೆ ಅಣ್ಣನೇ ಒಂದು ಬೆಳಿಗ್ಗೆ ಹಸು ಕರೆದು, "ಈಗ ಹೊರಡವ್ವ" ಅಂದ. ಎಕ್ಸ್‌ರೇ ಚೆನ್ನಾಗಿತ್ತು. ಬಿಪಿ ಇತ್ತು, ಯಾವಾಗಿಂದ ಇತ್ತೋ, ಯಾರೂ ನೋಡಿರಲಿಲ್ಲ. ಅವ್ವ ಮಲಗಿಬಿಟ್ರೆ ಅಪ್ಪನ್ನ ನೋಡೋರು ಯಾರು ಅಂತ ನಾವು ಹೇಳ್ತೀವಿ, ಅವಳನ್ನ ಎಬ್ಬಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ. ಹಂಗೆ ಹೇಳೋದು ನನಗೆ ಇಷ್ಟ ಇಲ್ಲ. ಅಪ್ಪ ಇಲ್ದೆ ಇದ್ರೂ ಅವಳ ಬಿಪಿ ನೋಡ್ಬೇಕಿತ್ತಲ್ಲ.

ಎರಡು ತಿಂಗಳ ಕಫ ಪರೀಕ್ಷೇಲಿ ಅಣ್ಣನಿಗೆ ನೆಗೆಟಿವ್ ಬಂತು. ಆರು ತಿಂಗಳು ಇಲ್ಲೇ ಇದ್ದು ಮಾತ್ರೆ ಮುಗಿಸಿದ. ಅಷ್ಟೂ ದಿನ ರಾತ್ರಿ ಪಾಳಿ ಅವನೇ ತಗೊಂಡ, ಮೊದಲ ಎರಡು ವಾರ ಬಿಟ್ಟು. ಅಪ್ಪ ಮಗ ರಾತ್ರಿ ಏನು ಮಾತಾಡ್ತಿದ್ರೋ ಗೊತ್ತಿಲ್ಲ. ದೀಪಾವಳಿ ಆದ್ಮೇಲೆ ಮುಂಬೈಗೆ ವಾಪಸ್ ಹೋದ, ಬೇರೆ ಖೋಲಿ ಹಿಡಿದಿದ್ದಾನೆ, ಬಾಡಿಗೆ ಜಾಸ್ತಿ, ಕಿಟಕಿ ಇದೆ. ಜೊತೇಲಿದ್ದ ಏಳು ಜನಕ್ಕೂ ಫೋನ್ ಮಾಡಿ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಹೇಳಿದ್ದ. ನಾಲ್ಕು ಜನ ಮಾಡಿಸಿದ್ದಾರೆ.

ಈ ಭಾನುವಾರ ಅವ್ವ ನಾಗಮಂಗಲಕ್ಕೆ ತವರಿಗೆ ಹೋಗ್ತಿದ್ದಾಳೆ, ತಮ್ಮನ ಮಗನ ಮದುವೆ, ಎರಡು ರಾತ್ರಿ. ಅಪ್ಪನಿಗೆ ಲಕ್ವ ಆದ್ಮೇಲೆ ಅವಳು ಮನೆ ಬಿಟ್ಟು ಮಲಗ್ತಿರೋದು ಇದೇ ಮೊದಲು. ಅಕ್ಕ ಬರ್ತಾಳೆ, ಹಸು ಪಕ್ಕದ ಮನೆಯೋರು ನೋಡ್ಕೋತಾರೆ. ನನಗೆ ಸೋಮವಾರ ಕಾಸ್ಟ್ ಅಕೌಂಟಿಂಗ್ ಟೆಸ್ಟ್ ಇದೆ, ಅಪ್ಪನ ಮಂಚದ ಪಕ್ಕ ಕೂತು ಓದ್ತೀನಿ. ಮದುವೆ ಮನೇಲಿ ಐನೂರು ಜನ ಸೇರ್ತಾರೆ. ಅವ್ವ ವಾಪಸ್ ಬಂದಾಗ ಬಾಗಿಲಲ್ಲಿ ಸೋಪು, ಟವೆಲ್ ಹಿಡ್ಕೊಂಡು ನಿಲ್ಲೋಕೆ ಅಪ್ಪ ಈಗಾಗ್ಲೇ ಮೊಮ್ಮಗಳಿಗೆ ಹೇಳಿಟ್ಟಿದ್ದಾರೆ.